ತಂಗಿಯ ಫೋಟೊ ಮತ್ತು ನಾವು ಕೊಂಡ ಸ್ಕ್ಯಾನರ್

ಆ ಫೋನ್ ಬಂದದ್ದು ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ. ತಂಗಿ ಕುಂದಾಪುರದ ಆಸ್ಪತ್ರೆಯ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಹಿಂದಿನ ಜಗಲಿಯಲ್ಲಿ ಚಾ ಕುಡಿಯುತ್ತ ಕೂತಿದ್ದಳು. ನಾನು ಒಳಗೆ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಅವಳು ಫೋನೆತ್ತಿ "ಹಲೋ" ಎಂದದ್ದು ಕೇಳಿತು. ಆಮೇಲೆ "ಹೌದು" ಎಂದಳು. ಸ್ವಲ್ಪ ಬಿಟ್ಟು "ಹೌದು, ನೀವು ಯಾರು?" ಎಂದಳು. ಅದಾದ ಮೇಲೆ ಅವಳ ಮಾತೇ ಇಲ್ಲ. ನನ್ನ ತಂಗಿ ಫೋನಿನಲ್ಲಿ ಸುಮ್ಮನಿರುವವಳಲ್ಲ. ನಾನು ಪೆನ್ನು ಕೆಳಗಿಟ್ಟು ಹೊರಗೆ ಬಂದೆ.

ಫೋನ್ ಕಟ್ಟಾಗಿತ್ತು. ಅವಳು ಅದನ್ನಿನ್ನೂ ಕಿವಿಗೇ ಹಿಡಿದುಕೊಂಡಿದ್ದಳು.

"ಅಕ್ಕಾ, ಅವ ನನ್ನ ಹುಟ್ಟಿದ್ ತಾರೀಕ್ ಹೇಳ್ದ."

"ಯಾರ್?"

"ಗೊತ್ತಿಲ್ಲ. ಅಪ್ಪಯ್ಯನ ಹೆಸ್ರ್ ಹೇಳ್ದ. ಎಸ್ಸೆಸ್ಸೆಲ್ಸಿಯಂಗ್ ಎಷ್ಟ್ ಮಾರ್ಕ್ ಅಂದೇಳೂ ಹೇಳ್ದ. ನೀಲಿ ವೇಲಿನ ಫೋಟೊದಲ್ಲಿ ಲಾಯ್ಕ್ ಕಾಣ್ತ್ರಿ ಅಂದ."

ನಮ್ಮ ಮನೆ ಉಪ್ಪುಂದದಲ್ಲಿ, ಸಮುದ್ರದ ಬದಿಗೆ. ಅಪ್ಪಯ್ಯ ಗಂಗೊಳ್ಳಿಯಿಂದ ಹೊರಡುವ ಆಳಸಮುದ್ರದ ಬೋಟಿನಲ್ಲಿ ದುಡಿಯುತ್ತಿದ್ದರು. ಹೋದರೆ ವಾರ ಕಳೆದೇ ದಡ ಕಾಣುತ್ತಿದ್ದದ್ದು. ಅಮ್ಮ ಬೈಂದೂರು ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದಳು. ನಾನು ಊರಿನ ಖಾಸಗಿ ಶಾಲೆಯೊಂದರಲ್ಲಿ ಟೀಚರು. ತಂಗಿ ನರ್ಸಿಂಗ್ ಮುಗಿಸಿ ಕುಂದಾಪುರದಲ್ಲಿ ಕೆಲಸ ಮಾಡುತ್ತಿದ್ದಳು. ಗಲ್ಫ್ ಕಡೆಯ ಆಸ್ಪತ್ರೆಯೊಂದಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದಳು. ಮೊಬೈಲಿನಲ್ಲೇ ಫೋಟೊ ತೆಗೆದು ಕಾಗದಪತ್ರ ಕಳಿಸುವ ಕಾಲ ಆಗಿನ್ನೂ ನಮ್ಮಲ್ಲಿಗೆ ಬಂದಿರಲಿಲ್ಲ. ನಮ್ಮ ಫೋನುಗಳಲ್ಲಿ ಮಾತಾಡಬಹುದಿತ್ತು, ಮೆಸೇಜು ಮಾಡಬಹುದಿತ್ತು, ಅಷ್ಟೇ.

ನೀಲಿ ವೇಲಿನ ಆ ಫೋಟೊ ಯಾವುದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಗಲ್ಫಿನ ಅರ್ಜಿಗೆಂದೇ ತೆಗೆಸಿದ್ದ ಪಾಸ್‌ಪೋರ್ಟ್ ಅಳತೆಯ ಫೋಟೊ ಅದು. ಪ್ರತಿಗಳೆಲ್ಲ ಕವರಿನಲ್ಲಿ ಹಾಗೇ ಇದ್ದವು. ಅಂಟಿಸಿದ್ದು ಅವಳ ಬಯೋಡಾಟಾದ ಮೇಲೆ ಒಂದನ್ನು ಮಾತ್ರ. ಆ ಬಯೋಡಾಟಾವನ್ನೂ ಮಾರ್ಕ್ಸ್ ಕಾರ್ಡುಗಳನ್ನೂ ನಾವು ಸ್ಕ್ಯಾನ್ ಮಾಡಿಸಿದ್ದು ಬೈಂದೂರಿನ ಒಂದು ಇಂಟರ್ನೆಟ್ ಅಂಗಡಿಯಲ್ಲಿ. ಗಲ್ಫಿಗೆ ನರ್ಸುಗಳನ್ನು ಕಳಿಸುವ ಏಜೆಂಟರಿಗೆ ಮೇಲ್ ಮಾಡಿದ್ದು ಬಿಟ್ಟರೆ ಬೇರೆ ಯಾರ ಕೈಗೂ ಅವನ್ನು ಕೊಟ್ಟಿರಲಿಲ್ಲ. ಅಂಗಡಿಯ ಯಜಮಾನ ಅಮ್ಮನ ಹತ್ತಿರ ಮೀನು ಕೊಳ್ಳುವವರು, ನಮ್ಮನ್ನು ಕಂಡರೆ "ಬನ್ನಿ ಟೀಚರೆ" ಎಂದು ಕುರ್ಚಿ ಎಳೆದು ಕೊಡುವವರು. ಫೋನಿನ ದನಿ ಅವರದಲ್ಲ ಎಂದು ತಂಗಿ ಆಣೆ ಮಾಡಿ ಹೇಳಿದಳು. "ಪ್ರಾಯದವ ಅಕ್ಕ. ಪುಸ್ತಕ ಓದ್ದಾಂಗ್ ಮಾತಾಡ್ತ. ಈ ಬದಿಯವ ಅಲ್ಲ."

ಈ ಬದಿಯವನಲ್ಲ ಎಂಬುದೊಂದೇ ಆವತ್ತು ನಮಗಿದ್ದ ಸಮಾಧಾನ. ಎಲ್ಲೋ ದೂರದವನು, ಎರಡು ಸಲ ಮಾಡಿ ಬೇಜಾರಾಗಿ ಬಿಡುತ್ತಾನೆ ಅಂದುಕೊಂಡೆವು. ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ಅವಳು ಮಾರ್ಕೆಟ್ಟಿನ ನಡುವೆ ನಿಂತು ಕೂಗಾಡುತ್ತಾಳೆ, ಊರಿಗೆಲ್ಲ ತಿಳಿಯುತ್ತದೆ, ತಂಗಿಯ ಹೆಸರು ಹತ್ತು ಬಾಯಿಗೆ ಬೀಳುತ್ತದೆ ಎಂಬ ಅಂಜಿಕೆ. ಹೀಗೆ ಫೋನ್ ಬಂದರೆ ತಪ್ಪು ಹುಡುಗಿಯದೇ ಇರಬೇಕು ಎಂದು ಸಲೀಸಾಗಿ ಹೇಳುವವರ ನಡುವೆ ನಾವು ಬದುಕುತ್ತಿದ್ದೆವು.

ಅವನು ಬಿಡಲಿಲ್ಲ. ಸಂಜೆಯ ಹೊತ್ತೇ ಮಾಡುತ್ತಿದ್ದ. ಕೆಟ್ಟ ಮಾತೇನೂ ಆಡುತ್ತಿರಲಿಲ್ಲ; ಅದೇ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ಮೆತ್ತಗಿನ ದನಿಯಲ್ಲಿ, "ಊಟ ಆಯಿತೇ? ಇವತ್ತು ಆಸ್ಪತ್ರೆಯಲ್ಲಿ ತುಂಬಾ ಕೆಲಸವೇ?" ಎಂದು ಮನೆಯವರಂತೆ ಕೇಳುತ್ತಿದ್ದ. ತಂಗಿ ಫೋನ್ ಎತ್ತದಿದ್ದರೆ ಮೆಸೇಜು ಬರುತ್ತಿತ್ತು. ಅದರಲ್ಲಿ ನಮ್ಮ ಮನೆಯ ವಿಳಾಸ, ಅಂಚೆ ಕಚೇರಿಯ ಪಿನ್ ಕೋಡ್ ಸಮೇತ. ಬೇರೆ ಒಂದಕ್ಷರವೂ ಇರುತ್ತಿರಲಿಲ್ಲ. ನಂಬರ್ ಬದಲಿಸೋಣ ಎಂದರೆ ಗಲ್ಫಿನ ಏಜೆಂಟರಿಗೆ ಕೊಟ್ಟದ್ದು ಅದೇ ನಂಬರು. ಯಾವ ಗಳಿಗೆಯಲ್ಲಿ ಇಂಟರ್‌ವ್ಯೂಗೆ ಕರೆಯುತ್ತಾರೋ ತಿಳಿಯದು.

ಒಂದು ಸಂಜೆ ಅವನು, "ಇವತ್ತು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದಿರಿ ಅಲ್ಲವೇ?" ಎಂದ. ತಂಗಿ ಆವತ್ತು ನಿಜವಾಗಿಯೂ ಕಿಟಕಿಯ ಪಕ್ಕ ಕೂತಿದ್ದಳು. ಮಾರನೇ ದಿನದಿಂದ ಅವಳಿಗೆ ಬಸ್ಸು ಹತ್ತುವುದೆಂದರೆ ನಡುಕ. ತ್ರಾಸಿ ದಾಟಿ ಮರವಂತೆ ಬರುವಾಗ ಬಸ್ಸಿನವರೆಲ್ಲ ಸಮುದ್ರದ ಕಡೆ ತಿರುಗುತ್ತಾರಲ್ಲ, ಆಗ ಅವಳು ಬಸ್ಸಿನೊಳಗಿನ ಮುಖಗಳನ್ನು ನೋಡುತ್ತಿದ್ದಳಂತೆ. ಯಾರು ಸಮುದ್ರ ನೋಡದೆ ತನ್ನನ್ನು ನೋಡುತ್ತಿದ್ದಾರೆ ಎಂದು. "ಎಲ್ಲರೂ ಅವನೇ ಅಂದೇಳಿ ಕಾಣ್ತ್ ಅಕ್ಕ" ಎಂದಳು.

ಆದರೆ ನಾನು ನಿಜಕ್ಕೂ ಹೆದರಿದ್ದು ಬೇರೆ ಒಂದು ದಿನ. ಆವತ್ತು ಫೋನನ್ನು ನಾನೇ ಎತ್ತಿ ಮಾತಾಡದೆ ಹಿಡಿದುಕೊಂಡಿದ್ದೆ. ಅವನು ಹಲೋ ಹಲೋ ಎಂದು ನೋಡಿದ. ತಾಳ್ಮೆ ತಪ್ಪಿತೋ ಏನೋ, ಪುಸ್ತಕದ ಕನ್ನಡ ಜಾರಿತು. "ಹ್ವಾಯ್, ಎಂತಕ್ ಮಾತಾಡುದಿಲ್ಲ?" ಎಂದುಬಿಟ್ಟ.

ಅದು ನಮ್ಮದೇ ಮಾತು. ನಮ್ಮ ಅಂಗಳದಲ್ಲಿ, ಮಾರ್ಕೆಟ್ಟಿನಲ್ಲಿ, ನನ್ನ ಶಾಲೆಯ ಜಗಲಿಯಲ್ಲಿ ದಿನವಿಡೀ ಕಿವಿಗೆ ಬೀಳುವ ಮಾತು. ನಾನು ಫೋನ್ ಕಟ್ ಮಾಡಿದೆ. ಎದ್ದು ಹೋಗಿ ಮುಂಬಾಗಿಲ ಚಿಲಕ ಹಾಕಿದೆ. ಹೊರಗೆ ಇನ್ನೂ ಬೆಳಕಿತ್ತು. ಆ ಹೊತ್ತಿಗೆ ನಮ್ಮ ಕೇರಿಯಲ್ಲಿ ಯಾರೂ ಬಾಗಿಲು ಹಾಕುವುದಿಲ್ಲ.

ಅದೇ ವಾರ ಏಜೆಂಟರಿಂದ ಮೇಲ್ ಬಂತು. ಅರ್ಜಿ ಮುಂದಕ್ಕೆ ಹೋಗಿದೆ, ಪಾಸ್‌ಪೋರ್ಟಿನ ಪುಟಗಳನ್ನೂ ಅನುಭವದ ಸರ್ಟಿಫಿಕೇಟನ್ನೂ ಸ್ಕ್ಯಾನ್ ಮಾಡಿ ಬೇಗ ಕಳಿಸಿ ಎಂದು. ಬೇರೆ ಹೊತ್ತಾಗಿದ್ದರೆ ಮನೆಯಲ್ಲಿ ಪಾಯಸ ಆಗುತ್ತಿತ್ತು. ತಂಗಿ ಮಾತ್ರ ಪಾಸ್‌ಪೋರ್ಟನ್ನು ಕಪಾಟಿನಿಂದ ತೆಗೆದವಳು ಎದೆಗೆ ಅವುಚಿಕೊಂಡು ನಿಂತಳು.

"ನಾನ್ ಇದನ್ ಯಾವ ಅಂಗ್ಡಿಗೂ ಕೊಡುದಿಲ್ಲ. ಕೆಲ್ಸ ಹೋದ್ರೂ ಅಡ್ಡಿಲ್ಲ."

"ಕುಂದಾಪ್ರದಲ್ಲಿ ಮಾಡ್ಸುವ. ಅಲ್ಲಿ ನಮ್ಮನ್ ಗುರ್ತ ಇದ್ದವ್ರ್ ಇಲ್ಲ."

"ಅಲ್ಲೂ ಯಾರಾರೂ ಕೂತಿರ್ತ್ರಲೆ ಅಕ್ಕ!"

ಅವಳು ಹೇಳಿದ್ದು ಸುಳ್ಳಲ್ಲ. ನಮ್ಮ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರಿತ್ತು; ಮುಂಬೈಯಲ್ಲಿ ಹೋಟೆಲು ನಡೆಸುವ ಮಾವ ಹೊಸದು ಕೊಂಡಾಗ ಹಳೆಯದನ್ನು ಬಸ್ಸಿಗೆ ಹಾಕಿ ಕಳಿಸಿದ್ದರು. ಫೋನಿನ ಲೈನಿಗೆ ಇಂಟರ್ನೆಟ್ಟೂ ಹಾಕಿಸಿದ್ದೆವು. ಇಲ್ಲದ್ದು ಪ್ರಿಂಟರು ಮತ್ತು ಸ್ಕ್ಯಾನರು. ಯಾವಾಗಲೋ ಒಮ್ಮೆ ಬೇಕಾಗುವ ವಸ್ತುವಿಗೆ ಯಾರು ದುಡ್ಡು ಹಾಕುತ್ತಾರೆ ಎಂದು ಇಷ್ಟು ದಿನ ಅಂಗಡಿಗೇ ಓಡುತ್ತಿದ್ದೆವು. ಆವತ್ತು ತೀರ್ಮಾನ ಮಾಡಿದೆ. ಕೈಗೆಟುಕುವ ಒಂದು ಮೆಷಿನ್ ಮನೆಗೇ ತರುವುದು. ತಂಗಿಯ ಕಾಗದಗಳು ಇನ್ನು ಹೊಸ್ತಿಲು ದಾಟುವುದು ಬೇಡ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮೊದಲು ಕುಂದಾಪುರಕ್ಕೆ ಹೋದೆ. ಪಾಸ್‌ಪೋರ್ಟನ್ನು ಮನೆಯಲ್ಲಿ ಬಿಟ್ಟುಬರಲು ತಂಗಿಗೆ ಮನಸ್ಸಿಲ್ಲ, ಆಸ್ಪತ್ರೆಗೆ ಒಯ್ಯಲು ಧೈರ್ಯವಿಲ್ಲ. ಹಾಗಾಗಿ ಅದು ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು. ಅಂಗಡಿಯಲ್ಲಿ ಪ್ರಿಂಟರುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಮಾರುವವನು ಎದುರಿಗೆ ಸಿಕ್ಕಿದ್ದನ್ನೆಲ್ಲ ಹೊಗಳಿದ. "ಇದ್ ಕಾಣಿ ಮೇಡಂ, ಫೋಟೊನೂ ಬತ್ತ್, ಫ್ಯಾಕ್ಸೂ ಹೋತ್ತ್." ನಮಗೆ ಫ್ಯಾಕ್ಸು ಎಂತಕ್ಕೆ? ತಿಂಗಳಲ್ಲಿ ಒಂದೆರಡು ಪ್ರಶ್ನೆಪತ್ರಿಕೆ, ಯಾವಾಗಲೋ ಒಂದು ಸ್ಕ್ಯಾನು ಎಂದೆ. "ಅದೂ ಆತ್ತ್" ಎಂದ. ಮತ್ತೆ ಬಿಲ್ ಪುಸ್ತಕ ತೆಗೆದು, "ವಾರಂಟಿಗೆ ಹೆಸ್ರ್, ಮೊಬೈಲ್ ನಂಬ್ರ ಹೇಳಿ" ಎಂದ. ಅವನು ಪ್ರಾಯದವ. ಮೆತ್ತಗೆ ಮಾತಾಡುತ್ತಿದ್ದ. ಇವನೇ ಆಗಿದ್ದರೆ ಎಂಬ ಯೋಚನೆ ಹೇಗೆ ಬಂತೋ, ಬಂದದ್ದು ಹೋಗಲಿಲ್ಲ. ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ, ಹೇಳಿದ್ದು ಅವನಿಗೆ ಕೇಳಿತೋ ಇಲ್ಲವೋ ನೋಡದೆ ಮೆಟ್ಟಿಲಿಳಿದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಅಲ್ಲಿಂದ ಬ್ರಹ್ಮಾವರಕ್ಕೆ ಬಸ್ಸು ಹತ್ತಿದೆ. ನಮ್ಮ ಶಾಲೆಯ ಇನ್ನೊಬ್ಬ ಟೀಚರು, ಅಲ್ಲೊಂದು ಅಂಗಡಿಯಿದೆ, ಗಂಡ ಹೆಂಡತಿ ನಡೆಸುತ್ತಾರೆ, ಬೇಡದ್ದನ್ನು ತಲೆಗೆ ಕಟ್ಟುವುದಿಲ್ಲ ಎಂದಿದ್ದರು. ಆವತ್ತು ಅಂಗಡಿಯಲ್ಲಿ ಹೆಂಡತಿ ಮಾತ್ರ ಇದ್ದರು. ಹೆಂಗಸನ್ನು ಕಂಡು ನನಗೆ ಸ್ವಲ್ಪ ಧೈರ್ಯ ಬಂತು.

"ತಿಂಗಳಿಗೆ ಎಷ್ಟು ಪ್ರಿಂಟ್ ತೆಗೀತೀರಿ?" ಎಂದು ಮೊದಲೇ ಕೇಳಿದರು.

"ಕಡಿಮೆ. ಕೆಲವು ತಿಂಗಳು ಒಂದೂ ಇಲ್ಲ."

"ಹಾಗಾದ್ರೆ ಕೇಳಿ. ಲೇಸರ್ ತಕೊಂಡ್ರೆ ಅದರದ್ದು ಪುಡಿ, ಒಣಗುವುದಿಲ್ಲ. ಆದ್ರೆ ಸ್ಕ್ಯಾನರ್ ಇರುವ ಲೇಸರ್ ನಿಮಗೆ ದುಬಾರಿ ಆಗ್ತದೆ. ಇಂಕಿನದ್ದು ಅಗ್ಗ, ಆದ್ರೆ ಇಟ್ಟಲ್ಲೇ ಇಟ್ರೆ ಇಂಕ್ ಗಟ್ಟಿ ಆಗ್ತದೆ. ಸಮುದ್ರದ ಬದಿ ಬೇರೆ. ವಾರಕ್ಕೊಮ್ಮೆ ಒಂದು ಪುಟ ಸುಮ್ಮನಾದ್ರೂ ತೆಗೀಬೇಕು."

"ನಂಗೆ ಮುಖ್ಯ ಸ್ಕ್ಯಾನೇ" ಎಂದೆ. ಎಷ್ಟು ಅವಸರದಲ್ಲಿ ಹೇಳಿದೆನೋ, ಅವರು ನನ್ನ ಮುಖ ನೋಡಿದರು. ಮತ್ತೆ ಮೂಲೆಯಿಂದ ಪ್ರಿಂಟರು, ಸ್ಕ್ಯಾನರು ಎರಡೂ ಒಂದರಲ್ಲೇ ಇರುವ ಒಂದು ಬಿಳಿ ಮೆಷಿನ್ ಎಳೆದು ತಂದರು.

"ಕೆಲವು ಮೆಷಿನ್ ಇಂಕ್ ಮುಗಿದ್ರೆ ಮುಷ್ಕರಕ್ಕೆ ಕೂತ ಹಾಗೆ. ಸ್ಕ್ಯಾನೂ ಮಾಡುವುದಿಲ್ಲ. ಕೊಳ್ಳುವ ಮೊದಲು ಅದನ್ನು ಕೇಳಬೇಕು. ಇದು ಹಾಗಲ್ಲ, ನೋಡಿ." ಹೇಳಿದವರೇ ಇಂಕಿನ ಡಬ್ಬಿಗಳನ್ನು ಎರಡನ್ನೂ ಕಳಚಿ ಮೇಜಿನ ಮೇಲಿಟ್ಟರು. "ಏನಾದ್ರೂ ಕಾಗದ ಕೊಡಿ, ಸ್ಕ್ಯಾನ್ ಮಾಡಿ ತೋರಿಸ್ತೇನೆ."

ಬ್ಯಾಗಿಗೆ ಕೈ ಹಾಕಿದಾಗ ಬೆರಳಿಗೆ ಸಿಕ್ಕಿದ್ದು ಪಾಸ್‌ಪೋರ್ಟಿನ ಗಟ್ಟಿ ಹೊದಿಕೆ. ಕೈ ಹಿಂದಕ್ಕೆ ಎಳೆದುಕೊಂಡೆ. ಬಸ್ಸಿನ ಟಿಕೇಟು ಕೊಟ್ಟೆ. ಅವರು ನಕ್ಕು ಅದನ್ನೇ ಗಾಜಿನ ಮೇಲೆ ಮಗುಚಿ ಹಾಕಿ ಮುಚ್ಚಳ ಹಾಕಿದರು. ಮುಚ್ಚಳದ ಅಂಚಿನಲ್ಲಿ ಬೆಳಕಿನ ಗೆರೆಯೊಂದು ಆಚೆಯಿಂದ ಈಚೆಗೆ ಹರಿಯಿತು. ಕಂಪ್ಯೂಟರಿನಲ್ಲಿ ನನ್ನ ಟಿಕೇಟು ದೊಡ್ಡದಾಗಿ, ಮಡಚಿದ ಗೆರೆ ಸಮೇತ ಮೂಡಿತು.

"ಇದು ಈಗ ಎಲ್ಲಿ ಹೋಯ್ತು?" ಎಂದೆ.

"ಎಲ್ಲಿಗೂ ಹೋಗುವುದಿಲ್ಲ. ಇಲ್ಲೇ ಇರ್ತದೆ." ಒಂದು ಫೋಲ್ಡರ್ ತೆರೆದರು.

ಅದರೊಳಗೆ ನನ್ನ ಟಿಕೇಟಿನ ಪಕ್ಕದಲ್ಲಿ ಸಾಲುಸಾಲು ಸಣ್ಣ ಚಿತ್ರಗಳು. ಯಾರದೋ ರೇಷನ್ ಕಾರ್ಡು. ಯಾರದೋ ಮದುವೆಯ ಕಾಗದ. ಒಂದು ಹೆಂಗಸಿನ ಮುಖ, ಕಿವಿಯಲ್ಲಿ ಬೆಂಡೋಲೆ. ನನ್ನ ಹಾಗೇ ಮೆಷಿನ್ ನೋಡಲು ಬಂದವರು ಕೊಟ್ಟದ್ದಿರಬೇಕು. ಕಾಗದ ತಿರುಗಿ ತೆಗೆದುಕೊಂಡರೆ ಎಲ್ಲ ತಿರುಗಿ ಬಂತು ಎಂದು ಅವರೂ ಅಂದುಕೊಂಡು ಹೋಗಿರಬೇಕು, ನಾವು ಅಂದುಕೊಂಡ ಹಾಗೆ. ಬೈಂದೂರಿನಲ್ಲಿ ಏನಾಯಿತು ಎಂಬುದು ಆ ಅಂಗಡಿಯಲ್ಲಿ ನಿಂತೇ ನನಗೆ ಹೊಳೆಯಿತು.

"ಇದನ್ನೆಲ್ಲ ಅಳಿಸುದಿಲ್ವಾ ನೀವು?"

"ಯಾರು ನೋಡ್ತಾರೆ ಮೇಡಂ ಇದನ್ನು?" ಎಂದರು. ಆಮೇಲೆ ನನ್ನ ಮುಖದಲ್ಲಿ ಏನು ಕಂಡರೋ, ಸ್ಟೂಲ್ ಎಳೆದು ಕೂರಿಸಿ ನೀರು ಕೊಟ್ಟರು. ಅಪರಿಚಿತರ ಹತ್ತಿರ ಹೇಳಬಾರದು ಎಂದುಕೊಂಡೇ ಎಲ್ಲವನ್ನೂ ಹೇಳಿಬಿಟ್ಟೆ. ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದು ಅವರ ಮುಂದೆಯೇ. ಅವರು ಎದ್ದು ಹೋಗಿ ಆ ಫೋಲ್ಡರಿನಲ್ಲಿದ್ದದ್ದನ್ನೆಲ್ಲ ಅಳಿಸಿದರು. ನಂಬರು, ವಿಳಾಸ ಕೇಳದೆ ಬಿಲ್ ಬರೆದರು. "ಮೊದಲು ತಾಯಿಗೆ ಹೇಳಿ. ಆಮೇಲೆ ಪೊಲೀಸರಿಗೆ" ಎಂದರು.

ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಮನೆ ತಲುಪುವಾಗ ಹೊತ್ತು ಕಂತುತ್ತಿತ್ತು. ತಂಗಿ ಬಂದಾಗಿತ್ತು. ಅಮ್ಮ ಇನ್ನೂ ಮಾರ್ಕೆಟ್ಟಿನಿಂದ ಬಂದಿರಲಿಲ್ಲ. ಕಿಟಕಿಯ ಪರದೆ ಎಳೆದು, ಸಿಡಿ ಹಾಕಿ, ವೈರು ಸಿಕ್ಕಿಸಿ ಮೆಷಿನ್ ಚಾಲೂ ಮಾಡಿದೆವು. ಅದು ಕಟಕಟ ಎಂದು ಸದ್ದು ಮಾಡಿದ್ದಕ್ಕೇ ತಂಗಿ ಬೆಚ್ಚಿದಳು. ಪಾಸ್‌ಪೋರ್ಟನ್ನು ತಾನೇ ಗಾಜಿನ ಮೇಲೆ ಇಟ್ಟಳು. ಮೊದಲ ಸಲ ವಕ್ರವಾಗಿ ಬಂತು. ಎರಡನೇ ಸಲ ಅವಳ ಬೆರಳೂ ಅದರಲ್ಲಿ ಬಿತ್ತು. ಅಷ್ಟು ದಿನಗಳಲ್ಲಿ ನಾವಿಬ್ಬರೂ ನಕ್ಕದ್ದು ಆಗಲೇ.

ಅಷ್ಟರಲ್ಲಿ ಅವಳ ಫೋನ್ ಹೊಡೆಯಿತು. ಅದೇ ನಂಬರು. ನಗು ನಿಂತಿತು. ಹೊಡೆದು ಹೊಡೆದು ನಿಲ್ಲಲಿ ಎಂದು ನಾವು ಅದನ್ನೇ ನೋಡುತ್ತ ನಿಂತಿದ್ದಾಗ ಹಿಂದಿನಿಂದ ಅಮ್ಮನ ದನಿ ಕೇಳಿತು.

"ಎಂತ ಮಕ್ಳೇ? ಫೋನ್ ಹೊಡ್ಕಂತಿತ್ತ್, ಇಬ್ರೂ ಹಾವ್ ಕಂಡಾಂಗ್ ನಿಂತಿದ್ರಿ?"

ತಂಗಿ ಅಳಲು ಶುರುಮಾಡಿದಳು. ನಾನು ಹೇಳಿದೆ. ಅಮ್ಮ ಬುಟ್ಟಿ ಇಳಿಸದೆ, ಸೊಂಟಕ್ಕೆ ಒತ್ತಿ ಹಿಡಿದೇ ಎಲ್ಲವನ್ನೂ ಕೇಳಿದಳು. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಕೂಗಾಡಲಿಲ್ಲ. ಬುಟ್ಟಿ ಕೆಳಗಿಟ್ಟು, ತಂಗಿಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

"ನೀವೆಂತ ಕಳ್ಳತನ ಮಾಡಿದ್ರ್ಯಾ? ಮತ್ತೆಂತಕ್ ಅಡಗ್ಸಿ ಇಟ್ರಿ?" ಎಂದಳು. "ನಾಳೆ ಬೆಳಿಗ್ಗೆ ಆ ಅಂಗ್ಡಿಗ್ ಹೋಪ. ನಾನೂ ಬತ್ತೆ."

ಆವತ್ತೇ ಕಾಗದಗಳನ್ನು ಮೇಲ್ ಮಾಡಿದೆವು. ಮಾರನೇ ಬೆಳಿಗ್ಗೆ ಅಮ್ಮ ಮಾರ್ಕೆಟ್ಟಿಗೆ ಹೋಗುವ ಸೀರೆ ಬಿಟ್ಟು, ಮದುವೆಮನೆಗೆ ಉಡುವ ಸೀರೆ ಉಟ್ಟು ಹೊರಟಳು. ಇಂಟರ್ನೆಟ್ ಅಂಗಡಿಯ ಯಜಮಾನ ಆಗಷ್ಟೇ ಬಾಗಿಲು ತೆರೆದು ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದರು. ಅಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ.

"ನನ್ ಮಗಳ್ ಕಾಗ್ದ ನಿಮ್ ಮೆಷಿನ್ನಂಗ್ ಇತ್ತಾ ಕಾಣಿ."

"ಇಲ್ಲ ಅಕ್ಕ, ಅದೆಲ್ಲ ಆವತ್ತೇ..." ಎನ್ನುತ್ತ ಅವರು ಕಂಪ್ಯೂಟರ್ ತೆರೆದರು. ಮಾತು ಅಲ್ಲಿಗೇ ನಿಂತಿತು.

ಎಲ್ಲವೂ ಇತ್ತು. ಬಯೋಡಾಟಾ, ನೀಲಿ ವೇಲಿನ ಫೋಟೊ, ಮಾರ್ಕ್ಸ್ ಕಾರ್ಡು. ಅದರ ಕೆಳಗೆ, ಮೇಲೆ, ಸುತ್ತಲೂ ಇಡೀ ಸೀಮೆಯ ಹುಡುಗಿಯರ ಮುಖಗಳು. ನಾನು ಕಲಿಸಿದ ಮಕ್ಕಳ ಮುಖಗಳೂ ಇದ್ದವು. ಗ್ರಾಹಕರು ಕೂರುವ ಮೂಲೆಯ ಕಂಪ್ಯೂಟರೊಂದರಲ್ಲಿ ನಾನೇ ಕೂತು ಒತ್ತಿ ನೋಡಿದೆ. ಅಲ್ಲಿಂದಲೂ ಅದೇ ಫೋಲ್ಡರ್ ತೆರೆಯಿತು. ಅಂಗಡಿಯ ಯಂತ್ರಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದ್ದರು. ಯಾರು ಬಂದು ಕೂತರೂ ಎಲ್ಲವೂ ಕಾಣುವಂತಿತ್ತು.

ಯಜಮಾನರು ಕುರ್ಚಿಯಲ್ಲಿ ಕುಸಿದರು. "ಹ್ವಾಯ್, ನಂಗೆ ಗೊತ್ತೇ ಇಲ್ಲ ಮಾರಾಯ್ರೆ. ದೇವ್ರಾಣೆ ಗೊತ್ತಿಲ್ಲ. ನನ್ ಮಗಳ್ದೂ ಇದ್ರೊಳ್ಗ್ ಇತ್ತ್." ನಿಜ, ಅವರ ಮಗಳ ಫೋಟೊವೂ ಅಲ್ಲಿತ್ತು. ಅದನ್ನು ನೋಡಿದ ಮೇಲೆ ಅವರ ಮುಖದಲ್ಲಿ ಬಂದದ್ದು ನಮ್ಮ ಮನೆಯಲ್ಲಿದ್ದ ಹೆದರಿಕೆಯೇ. ಬೇಡ ಎಂದರೂ ಕೇಳದೆ ಬಾಗಿಲು ಎಳೆದು ನಮ್ಮ ಜೊತೆ ಠಾಣೆಗೆ ಬಂದರು.

ಠಾಣೆಯ ಮೆಟ್ಟಿಲು ಹತ್ತುವಾಗ ಯಾರು ನೋಡುತ್ತಿದ್ದಾರೋ ಎಂದು ತಲೆ ತಗ್ಗಿಸಿದ್ದೆ. ಒಬ್ಬ ಮಹಿಳಾ ಪೇದೆ ನಮ್ಮನ್ನು ಒಳಗಿನ ಕೋಣೆಗೆ ಕರೆದು ಕೇಳಿ ಬರೆದುಕೊಂಡರು. ನಂಬರ್ ಯಾರ ಹೆಸರಿನಲ್ಲಿದೆ ಎಂದು ತಿಳಿಯಲು ಕೆಲವು ದಿನ ಬೇಕು ಎಂದರು. ಆ ದಿನಗಳಲ್ಲಿ ಫೋನ್ ಬರುತ್ತಲೇ ಇತ್ತು. ಎತ್ತಬೇಡಿ, ಮೆಸೇಜು ಅಳಿಸಬೇಡಿ ಎಂದಿದ್ದರು. ಅಮ್ಮ ಮಾರ್ಕೆಟ್ಟಿಗೆ ಹೋಗದೆ ಬೆಳಿಗ್ಗೆ ತಂಗಿಯ ಜೊತೆ ಕುಂದಾಪುರಕ್ಕೆ ಹೋಗಿ, ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತು, ಸಂಜೆ ಅವಳನ್ನು ಕರೆದುಕೊಂಡೇ ಬರುತ್ತಿದ್ದಳು.

ಮತ್ತೆ ಠಾಣೆಯಿಂದ ಕರೆ ಬಂತು. ಹೋದಾಗ ಬೆಂಚಿನ ಮೇಲೆ ಯಡ್ತರೆಯ ಒಬ್ಬ ಮುದುಕರು ಕೂತಿದ್ದರು. ಹೆಗಲಲ್ಲಿ ಮುಖ ಒರಸುವ ಬೈರಾಸು, ಕೈಯಲ್ಲಿ ಊರುಗೋಲು. ಆ ಸಿಮ್ಮು ಇದ್ದದ್ದು ಅವರ ಹೆಸರಿನಲ್ಲಿ. ಅವರು ಬಂದವರಿಗೆಲ್ಲ ಕೈಮುಗಿಯುತ್ತಿದ್ದರು.

"ನಾನೆಂತ ಮಾಡ್ದೆ ಅಬ್ಬೆ? ನಂಗೆ ಮೊಬೈಲ್ ಒತ್ತುಕೂ ಬತ್ತಿಲ್ಲ" ಎಂದು ನನ್ನನ್ನೂ ಕೇಳಿದರು.

ಅವರು ಪಿಂಚಣಿಯ ಕೆಲಸಕ್ಕೆಂದು ತಮ್ಮ ಗುರುತಿನ ಚೀಟಿಯನ್ನೂ ಫೋಟೊವನ್ನೂ ಸ್ಕ್ಯಾನ್ ಮಾಡಿಸಿದ್ದು ಅದೇ ಇಂಟರ್ನೆಟ್ ಅಂಗಡಿಯಲ್ಲಿ. ಅದರ ಪ್ರಿಂಟು ತೆಗೆದು ಯಾರೋ ಸಿಮ್ಮು ಕೊಂಡಿದ್ದರು. ತಂಗಿಯ ಮುಖ ಒಬ್ಬನ ಕೈಗೆ ಸಿಕ್ಕಿತ್ತು, ಈ ಮುದುಕರ ಹೆಸರೂ ಅವನ ಕೈಗೇ ಸಿಕ್ಕಿತ್ತು. ಅಮ್ಮ ಅವರ ಪಕ್ಕದಲ್ಲಿ ಹೋಗಿ ಕೂತಳು. "ಹೆದರ್ಬೇಡಿ. ನಿಮ್ದೂ ಕದ್ದದ್ದೇ, ನಮ್ದೂ ಕದ್ದದ್ದೇ" ಎಂದಳು. ಆಮೇಲೆ ಅವರು ಮುಗಿದ ಕೈ ಇಳಿಸಿದರು.

ಆ ಸಿಮ್ಮು ಮಾರಿದ ಅಂಗಡಿಯನ್ನು ವಿಚಾರಿಸಿದಾಗ ಆಳು ಸಿಕ್ಕಿದ. ಅಲ್ಲೇ ಮೊಬೈಲ್ ರೀಚಾರ್ಜ್ ಮಾಡುವ ಕೆಲಸಕ್ಕಿದ್ದವನು, ಬಿಡುವಿನಲ್ಲಿ ಇಂಟರ್ನೆಟ್ ಅಂಗಡಿಯ ಮೂಲೆಯ ಕಂಪ್ಯೂಟರಿನಲ್ಲಿ ಕೂರುತ್ತಿದ್ದವನು. ನೋಡಬೇಕೇ ಎಂದು ಪೇದೆ ಕೇಳಿದರು. ನಾನು ಬೇಡ ಎಂದೆ. ತಂಗಿ, ನೋಡಲೇಬೇಕು ಎಂಬಂತೆ, "ಕಾಣ್ಕ್" ಎಂದಳು. ಅವಳು ಒಳಗೆ ಹೋಗುವಾಗ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರಿನ ಗುರುತು ಮೂಡಿತು.

ಸಾಧಾರಣ ಮೈಕಟ್ಟಿನ, ಶರಟನ್ನು ಇಸ್ತ್ರಿ ಮಾಡಿ ತೊಟ್ಟ ಒಬ್ಬ. ಅವನು ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದ. ನನ್ನನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ನನ್ನನ್ನು. ಯಾರು ಯಾರೆಂದು ಅವನಿಗೆ ತಿಳಿಯಲಿಲ್ಲ.

"ಬಸ್ಸಲ್ಲಿ ಕಂಡಿದ್ದೆ ಅಂದ್ಯಲೆ?" ಎಂದು ತಂಗಿ ಕೇಳಿದಳು. ದನಿ ಬಹಳ ಸಣ್ಣದಿತ್ತು.

ಅವನು ನೆಲ ನೋಡಿದ. "ಸುಮ್ನೆ ಹೇಳಿದ್ದ್. ಎಲ್ರಿಗೂ ಹಾಂಗೇ ಹೇಳುದ್. ಅರ್ಧ ಜನ ಕಿಟಕಿ ಬದಿಗೇ ಕೂಕಂಬುದಲೆ."

ಎಲ್ಲರಿಗೂ ಎಂದ. ಅವನು ಫೋನ್ ಮಾಡುತ್ತಿದ್ದದ್ದು ನನ್ನ ತಂಗಿಯೊಬ್ಬಳಿಗೇ ಅಲ್ಲ ಎಂದು ಆಗ ತಿಳಿಯಿತು. ಉಳಿದವರು ಯಾರು, ಅವರಲ್ಲಿ ಎಷ್ಟು ಮಂದಿ ಮನೆಯಲ್ಲಿ ಹೇಳದೆ ಬಾಗಿಲ ಚಿಲಕ ಹಾಕಿಕೊಂಡು ಕೂತಿದ್ದರೋ ನಮಗೆ ಗೊತ್ತಾಗಲಿಲ್ಲ. ಹೊರಗೆ ಜಗಲಿಯಲ್ಲಿ ಅವನ ತಾಯಿ ಕೂತಿದ್ದರು. ಅಮ್ಮನ ವಯಸ್ಸಿನವರು. ಅಮ್ಮ ಅವರ ಮುಂದೆ ಒಂದು ಗಳಿಗೆ ನಿಂತಳು. ಬೈಯುತ್ತಾಳೋ ಏನೋ ಎಂದು ನಾನು ಹತ್ತಿರ ಹೋದೆ. ಅಮ್ಮ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದಳು.

ಅವನ ಮೇಲೆ ಕೇಸಾಯಿತು. ಇಂಟರ್ನೆಟ್ ಅಂಗಡಿಯ ಯಜಮಾನರು ಯಂತ್ರಗಳ ಜೋಡಣೆ ಬಿಡಿಸಿ, ಸ್ಕ್ಯಾನ್ ಆದದ್ದನ್ನು ಗ್ರಾಹಕರ ಎದುರೇ ಅಳಿಸುವ ಪದ್ಧತಿ ಮಾಡಿದರು. ಅಪ್ಪಯ್ಯ ದಡಕ್ಕೆ ಬಂದಾಗ ಅಮ್ಮ ಎಲ್ಲವನ್ನೂ ಹೇಳಿದಳು. ಅವರು ಆವತ್ತು ತಂಗಿಯ ಊಟದ ಬಟ್ಟಲಿಗೆ ತಮ್ಮ ಕೈಯಾರೆ ಮೀನಿನ ನಡುತುಂಡು ಹಾಕಿದರು. ಗಲ್ಫಿನ ಆ ಕೆಲಸ ಆಗಲಿಲ್ಲ, ಬೇರೆ ಯಾರಿಗೋ ಆಯಿತು. ಮರುವರ್ಷ ಇನ್ನೊಂದಕ್ಕೆ ಹಾಕಿದಳು, ಅದಾಯಿತು.

ಹೆದರಿಕೆ ಆ ದಿನವೇ ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವನು ತನ್ನನ್ನು ಕಂಡೇ ಇರಲಿಲ್ಲ ಎಂದು ತಿಳಿದ ಮೇಲೂ ತಂಗಿ ಬಹಳ ಕಾಲ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಲಿಲ್ಲ. ಗೊತ್ತಿಲ್ಲದ ನಂಬರು ಕಂಡರೆ ಫೋನನ್ನು ನನ್ನ ಕೈಗೆ ಕೊಡುತ್ತಿದ್ದಳು. "ಅವ ಸಿಕ್ಕಿದ, ಸರಿ. ಆದ್ರೆ ಅವ್ನಾಂಗಿಪ್ಪವ್ರ್ ಇನ್ನೂ ಎಷ್ಟ್ ಜನ ಇದ್ರೋ ಅಂದೇಳಿ ಕಾಣ್ತ್" ಎಂದು ಒಮ್ಮೆ ಹೇಳಿದಳು.

ನಮ್ಮ ಮನೆಗೆ ಮೆಷಿನ್ ಬಂದಿದೆ ಎಂಬ ಸುದ್ದಿ ಕೇರಿಗೆ ಹಬ್ಬಿತು. ಮೊದಲು ಬಂದವರು ಎರಡು ಮನೆಯಾಚೆಯ ಹೆಂಗಸು, ಮಗಳ ಕಾಲೇಜಿನ ಅರ್ಜಿಗೆ ಮಾರ್ಕ್ಸ್ ಕಾರ್ಡು, ಫೋಟೊ ಹಿಡಿದುಕೊಂಡು. ಬೇಡ ಎನ್ನಲೇ ಎಂದು ಯೋಚಿಸಿದೆ. ಬೇರೆಯವರ ಮಗಳ ಮುಖ ನನ್ನ ಕಂಪ್ಯೂಟರಿನಲ್ಲಿ ಇರುವುದೆಂದರೆ ಈಗ ನನಗೇ ಭಯ. ಆದರೆ ನಾನು ಬೇಡ ಎಂದರೆ ಅವರು ಇನ್ನೆಲ್ಲಿಗಾದರೂ ಹೋಗಬೇಕಲ್ಲ. ಒಳಗೆ ಕರೆದು ಮಾಡಿಕೊಟ್ಟೆ. ಅವರ ಪೆನ್‌ಡ್ರೈವಿಗೆ ಹಾಕಿ ಆದ ಮೇಲೆ ಹುಡುಗಿಯನ್ನು ಹತ್ತಿರ ಕೂರಿಸಿ, ಫೋಲ್ಡರ್ ತೆರೆದು, ಅವಳ ಕೈಗೆ ಮೌಸ್ ಕೊಟ್ಟೆ.

"ನೀನೇ ಅಳ್ಸ್. ಹೋಯ್ತಾ ಅಂದೇಳಿ ನೀನೇ ಕಾಣ್."

"ಎಂತಕ್ ಟೀಚರೆ? ನಿಮ್ ಹತ್ರ ಇದ್ರೆ ಎಂತಾತ್ತ್?" ಎಂದು ಅವಳ ತಾಯಿ ನಕ್ಕರು.

ನಾನು ನಗಲಿಲ್ಲ. ಹುಡುಗಿ ಒಂದೊಂದನ್ನೇ ಒತ್ತಿ ಅಳಿಸಿದಳು. ಕಸದ ಬುಟ್ಟಿಯಿಂದಲೂ ತೆಗೆಯಬೇಕು ಎಂದು ತೋರಿಸಿಕೊಟ್ಟೆ, ತೆಗೆದಳು. ಆಮೇಲೆ ಅವರಿಬ್ಬರಿಗೂ ಚಾ ಮಾಡಲು ಒಳಗೆ ಹೋದೆ.